ಸರ್ವರ್‌ಗೆ ಆಯುಧಪೂಜೆ

ಕುವೆಂಪುನಗರ, ಮೈಸೂರು
28-10-2001

ಪ್ರೀತಿಯ ಹೇಮಾ,

ಹೇಗಿದ್ದೀಯ? ಹೈದರಾಬಾದಿನ ಹಾಸ್ಟೆಲ್ ಊಟದ ಖಾರಕ್ಕೆ ನಿನ್ನ ಹೊಟ್ಟೆ ಒಗ್ಗಿತೇ? ಇಲ್ಲಿ ಅಮ್ಮನ ಮಂಡಿನೋವು ಎಂದಿನಂತಿದೆ. ನಿಶ್ಚಿತಾಳಿಗೆ ಮುಂದಿನ ಹಲ್ಲು ಬಿದ್ದಿದೆ. ಡಿಸೆಂಬರಿನಲ್ಲಿ ನಿನ್ನ ತರಬೇತಿ ಮುಗಿದು ನೀನು ಬಂದಾಗ ತೋರಿಸಬೇಕೆಂದು ಅದನ್ನು ಬೆಂಕಿಪೊಟ್ಟಣದಲ್ಲಿ ಇಟ್ಟುಕೊಂಡಿದ್ದಾಳೆ.

ಹಬ್ಬದ ರಜೆಗೆ ಮೊದಲೇ ಇಲ್ಲಿನ ನಿನ್ನ ಸಂಸ್ಥೆಯಲ್ಲಿ ಆಯುಧಪೂಜೆ ಮಾಡಿದರು. ನಿನ್ನ ಬದಲು ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತಿರುವ ಶಿವಪ್ರಕಾಶ್, "ಮೇಡಂ ಇಲ್ಲ, ಅವ್ರ ಪರವಾಗಿ ನೀವೇ ಬಂದು ಪೂಜೆ ಮಾಡ್ಬೇಕು ಸಾರ್" ಎಂದು ಕರೆದ. ಕನ್ನಡಕದ ಅಂಗಡಿ ಮುಚ್ಚಿಕೊಂಡು ಹೋದೆ. ಎ.ಸಿ. ಕೋಣೆಯಲ್ಲಿ ನಿನ್ನ ಸರ್ವರ್ ಹೊಸ ಅಳಿಯನ ಹಾಗೆ ಕುಳಿತಿತ್ತು. "ದಿನಾ ಬೆಳಿಗ್ಗೆ ಮೇಡಂ ಮೇಲ್ ಬರುತ್ತೆ ಸಾರ್. ರೂಮು ತಣ್ಣಗಿದ್ಯಾ, ಬ್ಯಾಕಪ್ ಆಯ್ತಾ, ಎಲ್ಲಾ ಕೇಳ್ತಾರೆ" ಎಂದು ಅವನು ಹೆಮ್ಮೆಯಿಂದ ಹೇಳಿದ. ನನಗೆ ಹೊಟ್ಟೆ ಉರಿಯಿತು. ಮನೆಗೆ ನಿನ್ನಿಂದ ಕೊನೆಯದಾಗಿ ಬಂದ ಕಾಗದದಲ್ಲಿ ಇದ್ದದ್ದು ನೀರಿನ ತೊಟ್ಟಿ ತೊಳೆಸಿ ಎಂಬ ಮಾತಷ್ಟೇ.

ಸರ್ವರ್‌ಗೆ ವಿಭೂತಿ ಹಚ್ಚಿ, ಸೇವಂತಿಗೆ ಹಾರ ಹಾಕಿ, ಮಂಗಳಾರತಿ ಎತ್ತಿದ ಮೇಲೆ ಅದರ ಸ್ವಿಚ್ ಆರಿಸಿದೆ. ಪೂಜೆಯಾದ ಆಯುಧವನ್ನು ವಿಜಯದಶಮಿಯವರೆಗೆ ದುಡಿಸಬಾರದಲ್ಲವೇ? ನನ್ನ ಅಂಗಡಿಯಲ್ಲಿ ಗಾಜು ಉಜ್ಜುವ ಯಂತ್ರಕ್ಕಿರುವ ಶಾಸ್ತ್ರ ಇದಕ್ಕೇಕಿಲ್ಲ? "ಅಯ್ಯೋ, ಅದೊಂದನ್ನ ಆರಿಸೋ ಹಂಗಿಲ್ಲ ಸಾರ್" ಎಂದು ಶಿವಪ್ರಕಾಶ್ ಓಡಿಬಂದ. ಮುಟ್ಟಬೇಡ, ಶಾಸ್ತ್ರ ಎಂದು ಗದರಿಸಿದೆ. ಶಾಸ್ತ್ರಕ್ಕಿಂತ ಹೊಟ್ಟೆಕಿಚ್ಚೇ ಹೆಚ್ಚಿತ್ತೆಂದು ನಿನಗೆ ಹೇಳಲು ನನಗೆ ನಾಚಿಕೆಯಿಲ್ಲ.

ಮನೆಗೆ ಬಂದು ಸ್ಕೂಟರ್ ನಿಲ್ಲಿಸುವಷ್ಟರಲ್ಲಿ ಫೋನ್ ಹೊಡೆದುಕೊಳ್ಳುತ್ತಿತ್ತು. ಎಷ್ಟು ದಿನಗಳ ಮೇಲೆ ನಿನ್ನ ದನಿ ಎಂದು ಹಿಗ್ಗಿದೆ. ನೀನು ಕೇಳಿದ್ದು, "ಸರ್ವರ್ ಸಿಗ್ತಾನೇ ಇಲ್ಲ ಕಣ್ರೀ, ಯಾರು ಆರಿಸಿದ್ದು?" ಅಲ್ಲಿ ಕುಳಿತೇ ನೀನು ಫೋನ್ ಲೈನಿನ ಮೂಲಕ ಅದನ್ನು ನೋಡಿಕೊಳ್ಳುತ್ತೀಯೆಂದು ನನಗೆ ಆಗಲೇ ತಿಳಿದದ್ದು. "ಹೋಗಿ ಹಾಕ್ಸಿ, ಟ್ರೈನಿಗಳ ಮಾರ್ಕ್ಸ್ ಎಲ್ಲಾ ಅದ್ರಲ್ಲೇ ಇದೆ" ಎಂದವಳೇ ಫೋನ್ ಇಟ್ಟೆ. ಹೋಗಿ ಹಾಕಿಸಿದೆ. ಸರ್ವರ್ ಒಂದಿಷ್ಟು ಹೊತ್ತು ಮಲಗಿದ್ದು ನಿನಗೆ ಹೈದರಾಬಾದಿನಲ್ಲೇ ಗೊತ್ತಾಯಿತು. ಅದರ ಹಿಂದಿನ ವಾರ ನಿಶ್ಚಿತಾ ಜ್ವರದಲ್ಲಿ ಮಲಗಿ ನಿನ್ನ ಸೀರೆ ಹೊದ್ದುಕೊಂಡಿದ್ದಳು. ಆಗ ಹಾಸ್ಟೆಲ್ಲಿನಲ್ಲಿ ಯಾರೂ ಫೋನ್ ಎತ್ತಲಿಲ್ಲ. ಈಗ ಗುಣವಾಗಿದ್ದಾಳೆ, ಗಾಬರಿಯಾಗಬೇಡ.

ಅಮ್ಮ ಆಶೀರ್ವಾದ ಹೇಳಿದ್ದಾರೆ. ಮಗಳು ಮುತ್ತು ಕಳಿಸಿದ್ದಾಳೆ. ಮಜ್ಜಿಗೆ ಕುಡಿಯುವುದನ್ನು ಬಿಡಬೇಡ.

ನಿನ್ನ
ನಾಗಾರ್ಜುನ

ತಾ.ಕ.: ನಿನ್ನನ್ನು ಇನ್ನೊಂದು ವರ್ಷ ಅಲ್ಲೇ ಇರಿಸಿಕೊಳ್ಳಲು ಹೈದರಾಬಾದಿನವರು ಕೇಳಿದ್ದಾರೆಂದು ಇಲ್ಲಿನ ನಿನ್ನ ಸಂಸ್ಥೆಯ ನಿರ್ದೇಶಕರು ಪೂಜೆಯ ದಿನ ಹೇಳಿದರು. ಮನೆಯವರು ಒಪ್ಪಿದರೆ ಇರುತ್ತೇನೆ ಎಂದು ನೀನು ಹೇಳಿದೆಯಂತೆ. "ನಿಮ್ಮದೇನೂ ಅಭ್ಯಂತರ ಇಲ್ವಲ್ಲ?" ಎಂದು ಎಲ್ಲರೆದುರು ಕೇಳಿದರು. ದೊಡ್ಡ ಮನುಷ್ಯನಂತೆ "ಏನೂ ಇಲ್ಲ ಸಾರ್" ಎಂದುಬಿಟ್ಟೆ. ಸುಳ್ಳು ಹೇಳಿದೆ ಹೇಮಾ. ಅಭ್ಯಂತರ ಇದೆ. ಬಂದುಬಿಡು.