ಎಚ್ಚರಾಗುವ ಮೊದಲಿನ ಜಾಗ

ಸಿಂಚು,
ಜನವರಿ ೧೮

ಚೆಂಗ್‌ಶುನ್‌ಗೆ,

ಹೇಗಿದ್ದೀಯ? ಇಲ್ಲಿ ಗಾಳಿ ಎಂದಿನಂತೆ ಕಿಟಕಿ ಬಡಿಯುತ್ತಿದೆ. ನೀನು ತೈನಾನ್‌ನ ಗೆಳೆಯನ ಮನೆಗೆ ಹೊರಟುಹೋದ ಮೇಲೆ ಬೆಳಗ್ಗೆ ಎದ್ದರೂ ನಾನು ಅರೆನಿದ್ದೆಯಲ್ಲೇ ಇರುತ್ತೇನೆ. ಕೈ ಪಕ್ಕಕ್ಕೆ ಹೋಗುತ್ತದೆ, ಆಮೇಲೆ ನೆನಪಾಗುತ್ತದೆ.

ನಿನ್ನ ಕೋಡ್‌ನ ತಪ್ಪು ಸಿಕ್ಕಿತು, ಅದನ್ನು ಹೇಳಲೆಂದೇ ಬರೆಯುತ್ತಿದ್ದೇನೆ. ಮೀನುದೋಣಿಗೆಂದು ನಾವು ಮಾಡಿದ, ನೆಲೆ ತೋರಿಸುವ ಪೆಟ್ಟಿಗೆ, ನಡುವೆ ಕೆಟ್ಟು ನಿಂತು ತಾನೇ ಮತ್ತೆ ಶುರುವಾದಾಗ ದೋಣಿ ಎಲ್ಲಿತ್ತೆಂಬುದನ್ನೇ ಮರೆಯುತ್ತಿತ್ತಲ್ಲ. "ನನ್ನಿಂದ ಯಾರಾದ್ರೂ ಮುಳುಗ್ತಾರೆ" ಅಂತ ನೀನು ಕೆಲಸವನ್ನೂ ಬಿಟ್ಟೆ, ನನ್ನನ್ನೂ ಬಿಟ್ಟೆ.

ಆಮೇಲೆ ನಮ್ಮ ಆಫೀಸಿನವರು ಮಾಡಿದ್ದೇನು ಗೊತ್ತೇ? ಯಂತ್ರ ಹಟ ಮಾಡದೆ ನಮ್ಮ ಮಾತು ಕೇಳಲಿ ಎಂದು, ಇಲ್ಲಿನವರ ಎಂದಿನ ನಂಬಿಕೆಯಂತೆ, ಅದರ ಮೇಲೆ ಹಸಿರು ಕುರುಕಲು ಪೊಟ್ಟಣ ಇಟ್ಟರು. ಮತ್ತೆ ಕೆಟ್ಟಿತು. ನಮ್ಮ ಮೇಲಿನವರಾದ ಕೋ ಅಣ್ಣ ಪೊಟ್ಟಣ ತಿರುಗಿಸಿ ನೋಡಿ, "ಅಯ್ಯೋ ಪುಣ್ಯಾತ್ಮರಾ, ತಾರೀಖು ಮುಗಿದಿದೆ! ಹಳೇದು ಕೊಟ್ರೆ ಅದು ಮುನಿಸ್ಕೊಳ್ಳಲ್ವಾ?" ಅಂತ ಬೈದರು. ಹೊಸದು ತಂದಿಟ್ಟು ಎಲ್ಲರೂ ನಿಶ್ಚಿಂತೆಯಾಗಿ ಕುಳಿತರು, ಕೋಡ್ ತೆಗೆದು ನೋಡಿದವರಿಲ್ಲ. ನನಗೆ ನಗುವೂ ಬಂತು, ಸಿಟ್ಟೂ ಬಂತು.

ನಾನೇ ನೋಡಿದೆ. ಯಂತ್ರವನ್ನು ನಡೆಸುವ ಮೂಲ ತಂತ್ರಾಂಶ, ಆ ಕರ್ನಲ್, ಪೂರ್ತಿ ಎಚ್ಚರಾಗುವ ಮೊದಲು, ಆ ಮಂಪರಿನಲ್ಲಿ, ಕೇಳಿದವರಿಗೆಲ್ಲ ಖಾಲಿ ಕಂಡ ಮೆಮೊರಿಯನ್ನು ಕೊಡುತ್ತಾ ಹೋಗುತ್ತದೆ. ಇದನ್ನು ಮುಟ್ಟಬೇಡ ಎಂದು ಮೊದಲೇ ಹೇಳಿಟ್ಟ ಜಾಗ ಮಾತ್ರ ಉಳಿಯುತ್ತದೆ. ನೀನೂ ಹೇಳಿದ್ದೆ, ಆದರೆ ಹಂಚಿಕೆ ಶುರುವಾದ ಮೇಲೆ. ಅಷ್ಟರಲ್ಲಿ ದೋಣಿಯ ನೆಲೆ ಬರೆದಿದ್ದ ಮೂಲೆ ಬೇರೆಯವರ ಪಾಲಾಗಿರುತ್ತಿತ್ತು. ನಿನ್ನ ಆ ಒಂದು ಸಾಲನ್ನು ಹಂಚಿಕೆಗಿಂತ ಮೇಲಕ್ಕೆ ಒಯ್ದೆ, ಅಷ್ಟೇ. ಈಗ ಎಷ್ಟು ಸಲ ಬಿದ್ದೆದ್ದರೂ ಅದು ಮರೆಯುವುದಿಲ್ಲ. ತಿದ್ದಿದವರ ಹೆಸರಿನಲ್ಲಿ ನಿನ್ನದನ್ನೂ ಸೇರಿಸಿದ್ದೇನೆ.

ಯಾರೂ ಮುಳುಗಲಿಲ್ಲ, ಮಾರಾಯ. ಪೆಟ್ಟಿಗೆ ಇನ್ನೂ ಕಡಲಿಗೇ ಇಳಿದಿಲ್ಲ. "ಆ ಮಂಕನ್ನ ವಾಪಸ್ ಕರಿ ಕಣಮ್ಮ, ಇದಕ್ಕೆಲ್ಲ ಯಾರಾದ್ರೂ ಓಡಿಹೋಗ್ತಾರಾ?" ಅಂದರು ಕೋ ಅಣ್ಣ. ಬರುವುದು ಬಿಡುವುದು ನಿನ್ನಿಷ್ಟ. ನಾನು ಒತ್ತಾಯಿಸುವುದಿಲ್ಲ, ನನಗಿಲ್ಲಿ ಏನೂ ಕಷ್ಟವಿಲ್ಲ.

ಇಂತಿ,
ಪೈಶಾನ್

ಮತ್ತೆ: ನೀನು ನನ್ನನ್ನು ಬಿಟ್ಟುಹೋದದ್ದನ್ನು ನಿನ್ನ ಅಮ್ಮನಿಗೆ ಹೇಳಿಲ್ಲ. ಕೆಲಸದ ಮೇಲೆ ಜಪಾನಿಗೆ ಹೋಗಿದ್ದಾನೆ ಎಂದಿದ್ದೇನೆ. ಬರುವ ಚಾಂದ್ರಮಾನ ಹೊಸ ವರ್ಷದ ಹಿಂದಿನ ಸಂಜೆ, ದೂರದಲ್ಲಿರುವ ಮನೆಯವರಿಗೆ ಇಡುವಂತೆ, ನಿನ್ನ ಬಟ್ಟಲು, ಊಟದ ಕಡ್ಡಿ ಇಟ್ಟು ಕುರ್ಚಿಗೆ ನಿನ್ನ ಕೋಟು ಹಾಕಿರುತ್ತೇವೆ. ಎಲ್ಲರೂ ಕೂರುವ ಮೊದಲೇ. ಬಂದರೆ ಕೋಟು ತೆಗೆದು ಕುಳಿತುಬಿಡು, ಯಾರೂ ಏನೂ ಕೇಳುವುದಿಲ್ಲ.