ಬಸುರಿ ಹೊಲಕ್ಕೆ ಪ್ಲಾಸ್ಟಿಕ್ ಪಂಪು

ಕಾಡಂಚಿನ ಹೊಲಮನೆ, ಜಗಳೂರು ತಾಲ್ಲೂಕು
16 ಅಕ್ಟೋಬರ್ 2025, ಗುರುವಾರ

ಮುನಿಸಿಕೊಂಡು ನ್ಯಾಮತಿಯಲ್ಲಿ ಕೂತಿರುವ ನಮ್ಮ ಯಜಮಾನರಿಗೆ ಕೊಟ್ರಮ್ಮ ಮಾಡುವ ನಮಸ್ಕಾರಗಳು.

ಮೊದಲು ಆರೋಗ್ಯದ ಮಾತು. ನಿಮ್ಮ ಮಂಡಿನೋವು ಹೇಗಿದೆ? ನಿಮ್ಮ ಅಕ್ಕನ ಮನೆಯ ಮೆಟ್ಟಿಲು ಎತ್ತರ, ಹತ್ತಿ ಇಳಿಯುವಾಗ ಗೋಡೆ ಹಿಡಿದುಕೊಳ್ಳಿ. ಬಿ.ಪಿ. ಮಾತ್ರೆ ಗೂಡಿನಲ್ಲೇ ಬಿಟ್ಟು ಹೋಗಿದ್ದೀರಿ, ಈ ಕಾಗದದ ಜೊತೆ ಕಟ್ಟಿ ಕಳಿಸುತ್ತಿದ್ದೇನೆ, ಬೆಳಿಗ್ಗೆ ತಿಂಡಿಯಾದ ಮೇಲೆ ತೆಗೆದುಕೊಳ್ಳಿ. ಸಿಟ್ಟು ಮಾಡಿಕೊಂಡು ಮನೆ ಬಿಡುವವರು ಮಾತ್ರೆಯನ್ನಾದರೂ ಜೇಬಿಗೆ ಹಾಕಿಕೊಳ್ಳಬೇಕು ಅನ್ನುವಷ್ಟು ತಿಳಿವಳಿಕೆ ಈ ವಯಸ್ಸಿಗೆ ಬರಬೇಕಿತ್ತು. ಫೋನನ್ನು ಬೇಕೆಂದೇ ಹಾಸಿಗೆ ಕೆಳಗೆ ತುರುಕಿ ಹೋಗಿದ್ದೀರಿ. ಸಿದ್ದಲಿಂಗಮ್ಮಕ್ಕನ ಫೋನಿಗೆ ಮಾಡಿದರೆ, ಯಾವಾಗ ಕೇಳಿದರೂ ನೀವು ಮಲಗಿರುತ್ತೀರಿ. ಅಷ್ಟು ನಿದ್ದೆ ಮಾಡುವ ಮನುಷ್ಯರಲ್ಲ ನೀವು ಅಂತ ನನಗೂ ಗೊತ್ತು, ಅಕ್ಕನಿಗೂ ಗೊತ್ತು. ಅದಕ್ಕೇ ಎಷ್ಟೋ ವರ್ಷದ ಮೇಲೆ ಪೆನ್ನು ಹಿಡಿದಿದ್ದೇನೆ. ಲಾರಿ ಸುದೀಪ ನಾಳೆ ಮೆಕ್ಕೆಜೋಳ ಹೇರಿಕೊಂಡು ಹೊನ್ನಾಳಿಗೆ ಹೋಗುತ್ತಾನೆ, ಹಾಗೇ ನ್ಯಾಮತಿಗೆ ಬಂದು ನಿಮ್ಮ ಕೈಗೇ ಕೊಡಬೇಕೆಂದು ಹೇಳಿದ್ದೇನೆ. ಅಕ್ಕನ ಕನ್ನಡಕ ಒಡೆದಿದೆಯಂತೆ, ಆದ್ದರಿಂದ ನೀವೇ ಓದಬೇಕು, ಬೇರೆ ದಾರಿ ಇಲ್ಲ.

ಮನೆಯಲ್ಲಿ ಎಲ್ಲ ಕ್ಷೇಮ. ಕಂದು ಹಸು ನಿಮ್ಮ ದನಿ ಕೇಳದೆ ಹಾಲು ಬಿಗಿಹಿಡಿಯುತ್ತಿದೆ, ಅದಕ್ಕೊಂದು ಬೈಗುಳ ನಿಮಗೆ. ಚನ್ನಗಿರಿಯಿಂದ ಕಲ್ಪನಾ ಫೋನು ಮಾಡಿ ದೀಪಾವಳಿಗೆ ಬರುತ್ತೇನೆ, ಅಪ್ಪ ಎಲ್ಲಿ ಎಂದಳು. ಹೊಲದಲ್ಲಿದ್ದಾರೆ ಎಂದೆ. ಮಗಳ ಹತ್ತಿರ ಸುಳ್ಳು ಹೇಳಿಸಿದ ಪುಣ್ಯವೂ ನಿಮಗೇ ಸೇರಲಿ.

ಈಗ ನೀವು ಓದಲು ಇಷ್ಟಪಡದ ವಿಷಯಕ್ಕೆ ಬರುತ್ತೇನೆ. ಮುಂಗಾರಿಗೆ ಮುಂಚೆ ಅರಣ್ಯದ ವಾಚರ್ ರಘುನಾಥ ನಮ್ಮ ಹುಣಸೆಮರದ ಕೆಳಗೆ ಸಭೆ ಕೂಡಿಸಿದ್ದು ನೆನಪಿದೆಯಲ್ಲ. ಕೊಂಡುಕುರಿ ಅನ್ನುವ ನಾಲ್ಕು ಕೊಂಬಿನ ಪ್ರಾಣಿ ಎಲ್ಲ ಕಡೆ ಕಡಿಮೆಯಾಗುತ್ತಿದೆ, ನಮ್ಮ ರಂಗಯ್ಯನದುರ್ಗದ ಕುರುಚಲು ಕಾಡಿನಲ್ಲಿ ಇನ್ನೂ ಇದೆ, ಅದಕ್ಕೆ ದಿನಾ ನೀರು ಬೇಕು, ನೀರಿಗಾಗಿ ನಿಮ್ಮ ಕೃಷಿ ಹೊಂಡಗಳಿಗೇ ಬರುತ್ತದೆ ಎಂದು ಹೇಳಿದ. ಕಾಡಿಗೆ ಹತ್ತಿಕೊಂಡ ಹೊಲದ ಪಟ್ಟಿಗೂ ಹೊಂಡದ ಸುತ್ತಲೂ ಹುಳ ಸಾಯಿಸುವ ಎಣ್ಣೆ ಹೊಡೆಯಬೇಡಿ, ಉಳಿದ ಕಡೆ ನೋಡಿಕೊಂಡು ಕಡಿಮೆ ಹೊಡೆಯಿರಿ ಎಂದು ಕೇಳಿಕೊಂಡ. ಎಲ್ಲರೂ ತಲೆ ಕೆರೆದುಕೊಳ್ಳುತ್ತಿದ್ದಾಗ ಮೊದಲು ಎದ್ದವರು ಯಾರು? ನೀವು. ಹೊಲದ ಮಣ್ಣು ಮುಷ್ಟಿಯಲ್ಲಿ ಹಿಡಿದು ಮಾತು ಕೊಟ್ಟವರು ನೀವು. ನಿಮ್ಮನ್ನು ನೋಡಿ ಪಕ್ಕದ ಹೊಲದ ಹನುಮಂತಪ್ಪನವರೂ ಎದ್ದರು, ಅವರ ಹಿಂದೆ ಉಳಿದವರೂ ಎದ್ದರು. ಆ ಸಂಜೆ ನೀವು ಮೀಸೆ ತಿರುವಿಕೊಂಡು ಬಂದದ್ದು ನೋಡಿ, ನಮ್ಮ ಯಜಮಾನರೂ ಒಂದು ಒಳ್ಳೆಯ ಕೆಲಸ ಮಾಡಿದರಲ್ಲ ಎಂದು ನನಗೆ ನಿಜವಾಗಿ ಹೆಮ್ಮೆಯಾಗಿತ್ತು.

ತೊಗರಿ ಹೂ ಕಚ್ಚುವವರೆಗೆ ಆ ಹೆಮ್ಮೆ ಇತ್ತು. ಹುಳ ಬಿತ್ತು. ಬೀಳದೆ ಇರುತ್ತದೆಯೇ? ನಾನೂ ಹನುಮಂತಪ್ಪನವರ ಮನೆಯ ಭೀಮಕ್ಕನೂ ಗಿಡದ ಬುಡಕ್ಕೆ ತಾಡಪಾಲು ಹಾಸಿ, ಗಿಡ ಅಲ್ಲಾಡಿಸಿ ಹುಳ ಉದುರಿಸಿದೆವು. ನಮ್ಮ ಕೋಳಿಗಳು ತಿಂದು ತಿಂದು ಕೊನೆಗೆ ಮುಖ ತಿರುಗಿಸತೊಡಗಿದವು. ಬೇವಿನ ಬೀಜದ ಕಷಾಯವನ್ನೂ ಹೊಡೆದೆವು. ಹುಳ ಕಡಿಮೆಯಾಗುತ್ತಿತ್ತು, ಆದರೆ ನಿಮಗೆ ತಾಳ್ಮೆ ಎಲ್ಲಿದೆ? ಕುಕ್ಕರ್ ಮೂರನೇ ಕೂಗು ಹಾಕುವ ಮುಂಚೆಯೇ ತಟ್ಟೆ ಹಿಡಿದು ಕೂರುವವರು ನೀವು. ಸೀಗೆ ಹುಣ್ಣಿಮೆಯ ಹಿಂದಿನ ದಿನ ನಾನು ಜಗಳೂರು ಸಂತೆಗೆ ಹೋಗಿದ್ದಾಗ, ಅಂಗಡಿಯವನು ಹೇಳಿದ ಎರಡು ಎಣ್ಣೆ ಬೆರೆಸಿ ಇಡೀ ಪಟ್ಟಿಗೆ ಹೊಡೆದಿರಿ. ಅದು ಸಾಲದು ಅಂತ ಎಣ್ಣೆ ಹೊಡೆದ ಪಂಪನ್ನು ಆ ಹೊಂಡದಲ್ಲೇ ತೊಳೆದಿರಿ.

ಮರುದಿನ ನಸುಕಿನಲ್ಲಿ ಚರಗ ಚೆಲ್ಲುವ ಹೊತ್ತಿಗೆ ಮಂಡಿನೋವು ಎಂದು ಬದುವಿನ ಮೇಲೆ ಕೂತು ಬುಟ್ಟಿಯನ್ನು ನನ್ನ ಕೈಗೆ ಕೊಟ್ಟಿರಿ. ಮದುವೆಯಾದಾಗಿನಿಂದ ನೀವೇ ಚೆಲ್ಲುತ್ತಿದ್ದವರು, ಅವತ್ತು ನಿಮ್ಮ ಕೈ ಏಳಲಿಲ್ಲ. ಯಾಕೆ ಅಂತ ನನಗೆ ಆಗ ತಿಳಿಯಲಿಲ್ಲ, ನೆಗಡಿಯಾಗಿ ಮೂಗು ಬೇರೆ ಕಟ್ಟಿತ್ತು. ಕಡುಬು, ಪುಂಡಿಸೊಪ್ಪು, ಮೊಸರನ್ನ ಎಲ್ಲ ಕಲಸಿ, ಬಸುರಿ ಭೂಮಿತಾಯಿಯ ಬಯಕೆ ತೀರಲಿ, ಹಕ್ಕಿ ಪಕ್ಷಿ ಎಲ್ಲವೂ ಬಂದು ಉಣ್ಣಲಿ ಎಂದು ಬಾಯಿತುಂಬ ಕೂಗುತ್ತಾ ಚೆಲ್ಲಿದೆ. ವಿಷದ ಮೇಲೆ ಊಟ ಹಾಕಿ, ನನ್ನದೇ ದನಿಯಲ್ಲಿ ಅವುಗಳನ್ನು ಕರೆದೆನಲ್ಲ ಎಂದು ನೆನೆದರೆ ಈಗಲೂ ಉಣ್ಣುವ ತಟ್ಟೆ ಬಿಟ್ಟು ಏಳುತ್ತೇನೆ.

ಬಿಸಿಲೇರಿದ ಮೇಲೆ ಹೊಂಡದ ಹತ್ತಿರ ಹೋದರೆ ಕಪ್ಪೆಗಳು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು, ಪಂಪು ಅಲ್ಲೇ ಕಲ್ಲಿನ ಮೇಲೆ ಒಣಗುತ್ತಿತ್ತು. ನಾನು ಕೇಳಿದ್ದಕ್ಕೆ ನೀವು ಕೊಟ್ಟ ಉತ್ತರವನ್ನು ಸಾಯುವವರೆಗೆ ಮರೆಯುವುದಿಲ್ಲ. ‘ಬಸುರಿ ಹೊಲಕ್ಕೆ ಕಬ್ಬಿಣ ಮುಟ್ಟಿಸಬಾರ್ದು ಅಷ್ಟೆ. ಪಂಪು ಪ್ಲಾಸ್ಟಿಕ್ಕಿಂದು ಐತೆ’ ಎಂದಿರಿ. ಅವತ್ತು ಕುಡುಗೋಲನ್ನು ಮನೆಯೊಳಗೇ ಇಟ್ಟು, ಸೊಪ್ಪನ್ನೂ ಕೈಯಲ್ಲೇ ಮುರಿದುಕೊಂಡು ಬಂದಿದ್ದಿರಿ. ಇಷ್ಟು ಶಾಸ್ತ್ರ ಬಲ್ಲವರಿಗೆ, ಬಸುರಿಗೆ ವಿಷ ಉಣಿಸಬಾರದು ಅನ್ನುವುದನ್ನು ಯಾರಾದರೂ ಬೇರೆ ಹೇಳಬೇಕೇ? ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ, ಹಣೆ ಹಣೆ ಚಚ್ಚಿಕೊಂಡೆ.

ಆದರೂ ಅಲ್ಲಿಗೆ ಬಿಟ್ಟುಬಿಡುತ್ತಿದ್ದೆ. ಮಧ್ಯಾಹ್ನ ಹೊಲದಲ್ಲಿ ಎಲ್ಲರೂ ಊಟಕ್ಕೆ ಕೂತಾಗ ರಘುನಾಥ ಸತ್ತ ಕೌಜುಗ ಹಕ್ಕಿಗಳನ್ನು ಟವೆಲ್ಲಿನಲ್ಲಿ ತಂದು ತೋರಿಸಿದ. ನೀವು ತಲೆ ಎತ್ತದೆ, ಪಕ್ಕದ ಹೊಲದ ಎಣ್ಣೆ ಗಾಳಿಗೆ ಬಂದಿರಬೇಕು ಎಂದಿರಿ. ಪಕ್ಕದ ಹೊಲದ ಹನುಮಂತಪ್ಪನವರು ಪಕ್ಕದಲ್ಲೇ ಕೂತು ನಮ್ಮ ಕಡುಬು ತಿನ್ನುತ್ತಿದ್ದರು. ಕೈಯಲ್ಲಿದ್ದ ತುತ್ತನ್ನು ಎಲೆಗೆ ಇಳಿಸಿದರು. ನನ್ನಿಂದ ತಡೆಯಲಾಗಲಿಲ್ಲ. ಹೊಡೆದವರು ಇವರೇ ಎಂದು ಎಲ್ಲರ ಎದುರಿಗೆ ಹೇಳಿದೆ. ಹೇಳಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ನೀವು ಮಾನ ಹೋಯಿತೆಂದು ಕೈ ತೊಳೆಯದೆ ಎದ್ದು, ಸಿಕ್ಕ ಬಸ್ಸು ಹತ್ತಿ ಅಕ್ಕನ ಮನೆ ಸೇರಿದಿರಿ.

ನೀವು ಹೋದ ಮೇಲೆ ಹೊಂಡದ ಸುತ್ತ ಜಾಲಿಮುಳ್ಳು ಎಳೆದು ಹಾಕಿದ್ದೇನೆ, ಅಂಗೈ ತುಂಬ ಗೀರು. ಹಸು ನೀರು ಕುಡಿಯುತ್ತಿದ್ದ ಹಳೆಯ ಕಲ್ಲುಬಾನಿಯನ್ನು ಭೀಮಕ್ಕನೂ ನಾನೂ ಉರುಳಿಸಿಕೊಂಡು ಹೋಗಿ ಕಾಡಿನ ಅಂಚಿಗೆ ಇಟ್ಟು, ದಿನಾ ಕೊಡದಲ್ಲಿ ನೀರು ಹೊತ್ತು ಹಾಕುತ್ತಿದ್ದೇನೆ. ಸಂಜೆ ಹೊತ್ತು ಮರಿ ಕಟ್ಟಿಕೊಂಡು ಬರುತ್ತಿತ್ತಲ್ಲ, ಕಿವಿ ಹರಿದ ಹೆಣ್ಣು ಕೊಂಡುಕುರಿ, ನೀವೇ ನನ್ನನ್ನು ಕರೆದು, ಸದ್ದು ಮಾಡಬೇಡ ಎಂದು ತೋರಿಸಿದ್ದಿರಿ, ಅದು ಅವತ್ತಿನಿಂದ ಕಾಣಿಸಿಲ್ಲ. ಬಾನಿಯ ಹತ್ತಿರ ಹೆಜ್ಜೆಯೂ ಇಲ್ಲ. ಆ ನೀರನ್ನು ಕುಡಿದುಬಿಟ್ಟಿತೋ ಏನೋ ಎಂದು ಭಯ, ದಿನಾ ಸಂಜೆ ಹೋಗಿ ಹುಡುಕುತ್ತೇನೆ. ಇದನ್ನು ಹಂಚಿಕೊಳ್ಳಬೇಕಾದ ಮನುಷ್ಯ ನ್ಯಾಮತಿಯಲ್ಲಿ ನಿದ್ದೆಯ ನಾಟಕ ಆಡುತ್ತಿದ್ದಾರೆ. ನಿಮ್ಮ ಮೇಲೆ ಎಷ್ಟು ಸಿಟ್ಟಿದೆ ಅಂದರೆ, ನೀವು ಎದುರಿಗಿದ್ದಿದ್ದರೆ ಇನ್ನೂ ಚೆನ್ನಾಗಿ ಬೈಯಬಹುದಿತ್ತು ಎಂದು ಬೇಜಾರಾಗುತ್ತದೆ.

ಸಿದ್ದಲಿಂಗಮ್ಮಕ್ಕನಿಗೆ ನನ್ನ ಶರಣು ತಿಳಿಸಿ. ಅವರ ಮನೆಯ ಉಪ್ಪಿನಕಾಯಿ ನಿಮ್ಮ ಬಿ.ಪಿ.ಗೆ ಆಗುವುದಿಲ್ಲ, ಅದನ್ನೂ ತಿಳಿಸಿ. ಕೊಟ್ಟೂರೇಶ್ವರ ನಿಮಗೆ ಆರೋಗ್ಯ ಕೊಡಲಿ, ಅದಕ್ಕಿಂತ ಮುಂಚೆ ಬುದ್ಧಿ ಕೊಡಲಿ.

ಇಂತಿ,
ಬೈದರೂ ನಿಮ್ಮವಳೇ ಆದ
ಕೊಟ್ರಮ್ಮ

ತಾ.ಕ.: ಕಾಗದ ಮಡಚುವಷ್ಟರಲ್ಲಿ ಭೀಮಕ್ಕ ಓಡಿ ಬಂದಳು. ಕಿವಿ ಹರಿದದ್ದು ಬದುಕಿದೆ ಕಣ್ರೀ, ಮರಿಯೂ ಜೊತೆಗಿದೆ. ನಮ್ಮ ಹೊಂಡಕ್ಕೆ ಮುಳ್ಳು ಬಿದ್ದ ಮೇಲೆ ಅವರ ಹೊಂಡಕ್ಕೆ ಬರುತ್ತಿದೆಯಂತೆ. ಆದರೆ ಹನುಮಂತಪ್ಪನವರು ಎಣ್ಣೆ ಡಬ್ಬಿ ತಂದಿಟ್ಟಿದ್ದಾರೆ, ಭಾನುವಾರ ಬೆಳಿಗ್ಗೆ ಹೊಂಡದ ದಂಡೆಯವರೆಗೂ ಹೊಡೆಯುತ್ತಾರಂತೆ. ಓಡಿಹೋಗಿ ಬೇಡಿಕೊಂಡೆ. ‘ಮೊದ್ಲು ಮಾತು ಕೊಟ್ಟೋರು ಅವರು, ಮೊದ್ಲು ಮುರಿದೋರೂ ಅವರು, ಕೊನಿಗೆ ನನ್ ಮ್ಯಾಲೆ ಹಾಕಾಕೆ ನೋಡಿದ್ರು. ಅವರೇ ಬಂದು ತಪ್ಪಾತು ಅನ್ಲಿ, ಡಬ್ಬಿ ವಾಪಸ್ ಕೊಟ್ಟು ಬರ್ತೀನಿ’ ಎಂದರು. ಅವರು ಕೇಳಿದ್ದರಲ್ಲಿ ತಪ್ಪಿಲ್ಲ, ನನ್ನ ಮಾತು ಅಲ್ಲಿ ನಡೆಯುವುದೂ ಇಲ್ಲ. ಶನಿವಾರ ಮೊದಲ ಬಸ್ಸಿಗೇ ಹೊರಡಿ. ಇಳಿದು ಮನೆಗೆ ಬರಬೇಡಿ, ನೇರ ಅವರ ಹೊಲಕ್ಕೆ ಹೋಗಿ ಆ ಒಂದು ಮಾತು ಹೇಳಿ. ರೊಟ್ಟಿ ಬುತ್ತಿ ಅಲ್ಲಿಗೇ ತರುತ್ತೇನೆ, ನಿಮ್ಮಿಬ್ಬರಿಗೂ.