ಯಂತ್ರಕ್ಕೆ ನೋಡಲು ಕಲಿಸಿದ ಅಕ್ಕನಿಗೆ

ಪ್ರೀತಿಯ ಅಕ್ಕ,

ನೀನು ನನ್ನ ಒಡಹುಟ್ಟಿದವಳಲ್ಲ. ಆದರೆ ಸೀಸೆ ಕಾರ್ಖಾನೆಯಲ್ಲಿ ಮೊದಲ ದಿನ ಬಾಗಿಲಲ್ಲೇ ನಡುಗುತ್ತಾ ನಿಂತಿದ್ದ ನನ್ನನ್ನು ಕೈಹಿಡಿದು ಎಳೆದು, "ಬಾರೇ ಗುಬ್ಬಿ, ಇಲ್ಲಿ ಕೂತ್ಕೋ. ಸೀಸೆ ಕಚ್ಚಲ್ಲ" ಅಂದೆಯಲ್ಲ, ಅವತ್ತಿನಿಂದ ನೀನು ಅಕ್ಕ, ನಾನು ಗುಬ್ಬಿ. ಅಕ್ಷರಗಳನ್ನು ದಪ್ಪಗೆ, ಬಿಡಿಬಿಡಿಯಾಗಿ ಬರೆಯುತ್ತಿದ್ದೇನೆ. ಆಯಾಸವಾದರೆ ಮಗಳ ಕೈಗೆ ಕೊಡು, ಓದಿ ಹೇಳಲಿ. ಹರಿದು ಮಾತ್ರ ಹಾಕಬೇಡ.

ನಾವು ಕೂರುತ್ತಿದ್ದ ಕೋಣೆಯನ್ನು ಇವತ್ತು ಬಿಚ್ಚಿದರು. ಬೆಂಚುಗಳನ್ನು ಗಾಡಿಗೆ ಹೇರಿದರು, ಬಿಳಿ ದೀಪದ ಫಲಕಗಳನ್ನು ಗೋಡೆಯಿಂದ ಕಿತ್ತರು. ದೀಪವಿಲ್ಲದ ಆ ಕೋಣೆ ಎಷ್ಟು ಚಿಕ್ಕದು ಅಂತ ಇವತ್ತೇ ಗೊತ್ತಾಯಿತು. ಅಷ್ಟು ಜಾಗದಲ್ಲಿ ಅಷ್ಟು ಜನ ಹೆಂಗಸರು ಅಷ್ಟು ವರ್ಷ ಹೇಗೆ ಕೂತಿದ್ದೆವು, ಅದರಲ್ಲೂ ಹೇಗೆ ನಗುತ್ತಿದ್ದೆವು!

ಕುಲುಮೆಯಿಂದ ಬಂದು ಆರಿದ ಔಷಧದ ಸೀಸೆಗಳ ಟ್ರೇ ನಮ್ಮ ಮುಂದೆ, ಆ ಬಿಳಿ ದೀಪದ ಎದುರು ಬಂದು ಒಂದು ಕ್ಷಣ ನಿಲ್ಲುತ್ತಿತ್ತು. ಅಷ್ಟರೊಳಗೆ ಕೂದಲೆಳೆಯಂಥ ಬಿರುಕು, ಗಾಳಿಗುಳ್ಳೆ, ಕರಗದೆ ಉಳಿದ ಮರಳಿನ ಕಾಳು ಎಲ್ಲವನ್ನೂ ಹೆಕ್ಕಿ ತೆಗೆಯಬೇಕು. ನಾನು ಮೈಮರೆತರೆ ನೀನು ಮೊಣಕೈಯಿಂದ ತಿವಿಯುತ್ತಿದ್ದೆ. "ಯಾವ ಮಗೂಗೋ ಇದರಲ್ಲಿ ಔಷಧ ಹೋಗುತ್ತೆ ಕಣೇ. ಕಣ್ಣು ಬಿಟ್ಟು ನೋಡು" ಅನ್ನುತ್ತಿದ್ದೆ.

ಆಮೇಲೆ ಕ್ಯಾಮೆರಾ ಬಂತು. ಅದನ್ನು ಕೂರಿಸಲು ಬಂದ ಇಂಜಿನಿಯರ್ ಹುಡುಗಿಗೆ ನಾವೆಲ್ಲ ಕ್ಯಾಮೆರಾ ಮೇಡಂ ಅಂತ ಹೆಸರಿಟ್ಟೆವು. ಕೆಟ್ಟ ಸೀಸೆ ಹೇಗಿರುತ್ತದೆ ಅಂತ ಯಂತ್ರಕ್ಕೆ ಯಾರಾದರೂ ತೋರಿಸಿ ಕಲಿಸಬೇಕು ಅಂದಾಗ ಎಲ್ಲರ ಬೆರಳೂ ನಿನ್ನ ಕಡೆ ತಿರುಗಿತು. ನೀನು ಒಂದೊಂದೇ ಸೀಸೆ ಎತ್ತಿ ಅದರ ಮುಂದೆ ಹಿಡಿದು, ಇದು ಬಿರುಕು, ಇದು ಗುಳ್ಳೆ, ಇದು ಬರೀ ಬೆರಳಿನ ಗುರುತು, ಇದನ್ನು ಬಿಟ್ಟುಬಿಡು ಅಂತ ಹೇಳುತ್ತಾ ಹೋದೆ. "ಹೊಸ ಸೊಸೆಗೆ ಅಡುಗೆಮನೆ ತೋರಿಸ್ತಿದೀನಿ. ಕಲಿತ ಮೇಲೆ ಅತ್ತೇನ ಹೊರಗೆ ಹಾಕ್ತಾಳೆ ನೋಡ್ತಿರು" ಅಂತ ನೀನೇ ತಮಾಷೆ ಮಾಡಿದ್ದೆ. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮೇಡಂ ನಗಲಿಲ್ಲ.

ಕಲಿತಾದ ಮೇಲೆ ಪರೀಕ್ಷೆ. ನಾವು ನೋಡಿ ಕಳಿಸಿದ ಟ್ರೇಗಳನ್ನೇ ಕ್ಯಾಮೆರಾ ಮತ್ತೊಮ್ಮೆ ನೋಡುವುದು ಅಂತ ಗೊತ್ತುಮಾಡಿದರು. ಎಲ್ಲರ ಕೈಯಿಂದಲೂ ಅಲ್ಲೊಂದು ಇಲ್ಲೊಂದು ತಪ್ಪಿತ್ತು. ನಿನ್ನ ಟ್ರೇಗಳು ಹೋದಾಗ ಮಾತ್ರ ಕ್ಯಾಮೆರಾದ ಪರದೆಯ ಮೇಲೆ, ತಪ್ಪಿಹೋದ ಸೀಸೆಗೊಂದರಂತೆ, ಕೆಂಪು ಚುಕ್ಕೆಗಳು ಸಾಲುಸಾಲಾಗಿ ಏಳತೊಡಗಿದವು. ನಿನ್ನ ಮುಖ ಬಿಳಿಚಿಕೊಂಡಿತು. "ನಾನು ಕಲಿಸಿದ್ದೇ ನನ್ನ ಮೇಲೆ ಚಾಡಿ ಹೇಳುತ್ತಾ?" ಅಂದೆ. ಮೇಡಂ ಬಹಳ ಹೊತ್ತು ಪರದೆ ನೋಡುತ್ತಿದ್ದು, ನನ್ನನ್ನು ಹೊರಗೆ ಕರೆದರು. "ಅವರ ಕಣ್ಣು ತಪ್ಪಿದ್ದೆಲ್ಲ ಟ್ರೇಯ ಎಡ ಅಂಚಿನಲ್ಲೇ ಇದೆ. ಅಜಾಗರೂಕತೆ ಆಗಿದ್ರೆ ಎಲ್ಲಾ ಕಡೆ ಇರಬೇಕಿತ್ತು. ನನಗ್ಯಾಕೋ ಭಯ ಆಗ್ತಿದೆ. ದಯವಿಟ್ಟು ಕಣ್ಣಿನ ಡಾಕ್ಟರ್ ಹತ್ರ ಕರ್ಕೊಂಡ್ ಹೋಗಿ."

ನೀನು ಒಪ್ಪಲಿಲ್ಲ. ಇದು ಹೊರಗೆ ಹಾಕಲು ಹೂಡಿದ ಆಟ ಅಂದೆ. ನಾನು ಅತ್ತು ಕೂಗಾಡಿದೆ, ಕೊನೆಗೆ ರಟ್ಟೆ ಹಿಡಿದು ಎಳೆದುಕೊಂಡೇ ಹೋದೆ. ಕಣ್ಣಿನ ಒಳಗೆ ಒತ್ತಡ ಏರಿ ನರ ಸಾಯುತ್ತಿದೆ ಅಂದರು ಡಾಕ್ಟರು. ಎಡಗಣ್ಣು ಬಹುಪಾಲು ಹೋಗಿದೆ, ಬಲಗಣ್ಣಿನಲ್ಲೂ ಶುರುವಾಗಿದೆ, ಎದುರಿಗಿರುವುದು ಕಾಣುತ್ತಲೇ ಇರುವುದರಿಂದ ರೋಗಿಗೆ ಗೊತ್ತೇ ಆಗುವುದಿಲ್ಲ, ಹೋದದ್ದು ಹೋಯಿತು, ಉಳಿದದ್ದನ್ನು ಉಳಿಸಿಕೊಳ್ಳೋಣ ಅಂದರು.

ಡಾಕ್ಟರು ಹೇಳಿದ್ದು ಹೇಗೋ ಕಚೇರಿಗೆ ಮುಟ್ಟಿತು. ನಾಳೆಯಿಂದ ಬರುವುದು ಬೇಡ ಅಂದರು ಮ್ಯಾನೇಜರು. ನೀನು ಏಪ್ರನ್ ಬಿಚ್ಚಿ ಬೆಂಚಿನ ಮೇಲಿಟ್ಟು, ನನ್ನ ಮುಂದೆ ಬಂದು ನಿಂತು, "ನನ್ನ ಅನ್ನಕ್ಕೆ ಕಲ್ಲು ಹಾಕೋಕೆ ಬೇರೆ ಯಾರೂ ಸಿಗಲಿಲ್ಲ, ನೀನೇ ಬೇಕಾಯ್ತು" ಅಂದೆ. ಆ ಮಾತು ನನ್ನೊಳಗೆ ಇನ್ನೂ ಹಸಿಯಾಗಿದೆ, ಅಕ್ಕ.

ಅಲ್ಲಿಂದ ಮುಂದಿನದು ನಿನಗೆ ಗೊತ್ತಿಲ್ಲ. ಕಾರ್ಖಾನೆಯ ಸುದ್ದಿ ಹೊಸಿಲು ದಾಟಬಾರದು ಅಂತ ನೀನು ಕಟ್ಟಪ್ಪಣೆ ಮಾಡಿದ್ದೆಯಂತೆ. ನಾನು ನಿನ್ನ ಮನೆಗೆ ಬಂದಾಗಲೆಲ್ಲ ನಿನ್ನ ಮಗಳು ಅರ್ಧ ಬಾಗಿಲು ತೆರೆದು ಅದನ್ನೇ ಹೇಳಿ ತಲೆ ತಗ್ಗಿಸುತ್ತಿದ್ದಳು. ಅದಕ್ಕೇ ಈ ಪತ್ರ.

ನೀನು ಹೋದ ಮರುದಿನ ಬೆಲ್ ಹೊಡೆಯಿತು, ಟ್ರೇಗಳು ಬಂದವು. ಮೂಲೆಯಲ್ಲಿ ಕೂರುತ್ತಿದ್ದ ಆ ಮೌನಗೌರಿ ಇದ್ದಳಲ್ಲ, ಯಾರು ಬೈದರೂ ಹೂಂ ಅನ್ನುವವಳು, ಅವಳು ಕೈಕಟ್ಟಿ ಕೂತುಬಿಟ್ಟಳು. ಪಕ್ಕದವಳೂ ಕೈಕಟ್ಟಿದಳು. ಆಮೇಲೆ ನಾವೆಲ್ಲರೂ. ಯಾರೂ ಮೊದಲೇ ಮಾತಾಡಿಕೊಂಡಿರಲಿಲ್ಲ. ಟ್ರೇಗಳು ಒಂದಕ್ಕೊಂದು ಒತ್ತಿಕೊಂಡು ಕುಲುಮೆಯ ತನಕ ಸಾಲುಗಟ್ಟಿದವು. ಮ್ಯಾನೇಜರು ಓಡಿಬಂದು, "ಏನಾಗಿದೆ ನಿಮಗೆಲ್ಲ?" ಅಂತ ಅರಚಿದರು. ಅವಳು ಎದ್ದು ನಿಂತಳು. "ಮಿಷನ್‌ಗೆ ಕಲಿಸೋವಾಗ ಅಕ್ಕನ ಕಣ್ಣು ಬೇಕಿತ್ತು ಸಾರ್. ಈಗ ಅದೇ ಕಣ್ಣು ಕೆಟ್ಟಿದೆ ಅಂತ ಮನೆಗೆ ಕಳಿಸ್ತೀರಾ? ನಾಳೆ ನನ್ನ ಕಣ್ಣು, ನಾಡಿದ್ದು ಇವಳದು" ಅಂದಳು. ಕ್ಯಾಮೆರಾ ಮೇಡಂ ಬಂದು ನಮ್ಮ ಸಾಲಿನಲ್ಲೇ ನಿಂತರು. ಯಂತ್ರವನ್ನು ಪರೀಕ್ಷಿಸಲು ತೆಗೆದ ಲೆಕ್ಕವನ್ನು ಮನುಷ್ಯರನ್ನು ಕೆಲಸದಿಂದ ತೆಗೆಯಲು ಕೊಡುವುದಿಲ್ಲ ಅಂತ ಎಲ್ಲರ ಎದುರೇ ಹೇಳಿದರು.

ಮಾಲೀಕರ ತನಕ ಹೋಯಿತು. ಎಳೆದಾಟ ಬೇಕಾದಷ್ಟು ನಡೆಯಿತು. ಕೊನೆಗೆ ಒಪ್ಪಿಕೊಂಡರು. ಯಂತ್ರ ಯಾರ ಬಗ್ಗೆ ಏನು ತೋರಿಸಿದರೂ ಮೊದಲು ಅವರಿಗೇ ತಿಳಿಸಬೇಕು, ಎಲ್ಲರ ಕಣ್ಣಿನ ಪರೀಕ್ಷೆ, ಚಿಕಿತ್ಸೆಯ ಖರ್ಚು ಕಾರ್ಖಾನೆಯದು, ನೋಡುವ ಕೆಲಸ ಆಗದಿದ್ದರೆ ಬೇರೆ ಕೆಲಸ ಕೊಡಬೇಕು. ನಿನ್ನನ್ನು ವಾಪಸ್ ಕರೆಯಲು ಆಳು ಕಳಿಸಿದ್ದರು, ಅವನೂ ಅದೇ ಅರ್ಧ ಬಾಗಿಲು ನೋಡಿಕೊಂಡು ಬಂದ.

ನಾವು ಗೆದ್ದೆವು ಅಂತ ಹೇಳಲು ಬಾಯಿ ಬರುವುದಿಲ್ಲ. ನೋಡುವ ಕೆಲಸವೆಲ್ಲ ಕ್ಯಾಮೆರಾಕ್ಕೆ ಹೋಯಿತು, ಕೋಣೆಯನ್ನು ಉಳಿಸಿಕೊಳ್ಳಲು ನಮ್ಮಿಂದಾಗಲಿಲ್ಲ. ಕೆಲವರು ಬೇಸರದಿಂದ ಬಿಟ್ಟುಹೋದರು, ಕೆಲವರು ಪ್ಯಾಕಿಂಗ್‌ಗೆ ಹೋದರು. ನನ್ನನ್ನು ಪರದೆಯ ಮುಂದೆ ಕೂರಿಸಿದ್ದಾರೆ. ಕ್ಯಾಮೆರಾಕ್ಕೆ ಅನುಮಾನ ಬಂದ ಸೀಸೆಗಳನ್ನು ನಾನು ನೋಡಿ ತೀರ್ಮಾನಿಸಬೇಕು. ತಿವಿಯುವ ಮೊಣಕೈ ಪಕ್ಕದಲ್ಲಿಲ್ಲ. ದಿನವಿಡೀ ಮಾತಿಲ್ಲದೆ ಕೂತು ಎದ್ದಾಗ ನನ್ನ ದನಿ ನನಗೇ ಗುರುತು ಸಿಗುವುದಿಲ್ಲ.

ಒಪ್ಪಂದದ ಪ್ರಕಾರ ಎಲ್ಲರ ಕಣ್ಣನ್ನೂ ಪರೀಕ್ಷೆ ಮಾಡಿಸಿದರು. ಆ ಮೌನಗೌರಿಯ ಕಣ್ಣಲ್ಲೂ ಅದೇ ಒತ್ತಡ ಸಿಕ್ಕಿತು, ಅಕ್ಕ. ಇನ್ನೂ ಏನೂ ಕೆಟ್ಟಿರಲಿಲ್ಲ. ಈಗ ಪ್ಯಾಕಿಂಗ್‌ನಲ್ಲಿದ್ದಾಳೆ, ದಿನವೂ ಮರೆಯದೆ ಔಷಧ ಬಿಟ್ಟುಕೊಳ್ಳುತ್ತಾಳೆ. ಮುಖ ಮೇಲೆತ್ತಿ ಹನಿ ಬೀಳುವುದನ್ನು ಕಾಯುತ್ತಾ, "ಅಕ್ಕ ತನ್ನದು ಕಳ್ಕೊಂಡು ನಂದು ಉಳಿಸಿದ್ಲು" ಅನ್ನುತ್ತಾಳೆ.

ಕ್ಷಮೆ ಕೇಳಲು ನಾನು ಇದನ್ನು ಬರೆಯುತ್ತಿಲ್ಲ. ಅಂಥ ದಿನ ಮತ್ತೆ ಬಂದರೆ ನಿನ್ನ ರಟ್ಟೆ ಹಿಡಿದು ಮತ್ತೆ ಎಳೆದುಕೊಂಡೇ ಹೋಗುತ್ತೇನೆ. ನಿನ್ನ ಬಲಗಣ್ಣಿನ ನೋಟ ಇದ್ದಲ್ಲೇ ನಿಂತಿದೆ, ಮತ್ತೆ ಕೆಟ್ಟಿಲ್ಲ ಅಂತ ನಿನ್ನ ಮಗಳು ಬಸ್ ಸ್ಟಾಪಿನಲ್ಲಿ ಸಿಕ್ಕಾಗ ಪಿಸುಗುಟ್ಟಿದಳು. ಅಲ್ಲೇ, ಅಷ್ಟು ಜನರ ನಡುವೆ, ಅತ್ತುಬಿಟ್ಟೆ. ಕಾರ್ಖಾನೆಯಲ್ಲಿ ನಿನಗೆ ಅಂತ ಎತ್ತಿಟ್ಟ ಬೇರೆ ಕೆಲಸ ಹಾಗೇ ಇದೆ. ಬರುವುದು ಬಿಡುವುದು ನಿನ್ನಿಷ್ಟ, ಅದಕ್ಕಾಗಿ ನಾನು ಪೀಡಿಸುವುದಿಲ್ಲ.

ಈ ಭಾನುವಾರ ಬರುತ್ತೇನೆ. ಈ ಸಲ ಅರ್ಧ ಬಾಗಿಲು ನೋಡಿ ತಿರುಗಿ ಹೋಗುವುದಿಲ್ಲ, ಮೆಟ್ಟಿಲ ಮೇಲೆ ಕೂತೇ ಇರುತ್ತೇನೆ. ನಿನ್ನ ಸಿಟ್ಟು ಇನ್ನೂ ಆರದಿದ್ದರೆ ಬೈ, ಬಾಯ್ತುಂಬ ಬೈ. ಬಾಗಿಲು ಪೂರ್ತಿ ತೆಗೆದು ಬೈ.

ಉಳಿದ ಬೆಳಕು ನಿನ್ನ ಕಣ್ಣಲ್ಲಿ ಕೊನೆತನಕ ತಣ್ಣಗಿರಲಿ.

ನಿನ್ನ
ಗುಬ್ಬಿ